ಕೌಚ್ ಟು ಫೈವ್ ಕೆ: ಕಾಗದದಲ್ಲಿ ಒಂಬತ್ತು ವಾರ, ಮಂಗಳೂರಿನ ಐವತ್ತರ ಕಾಲಿಗೆ ಹದಿನೆಂಟು

ಕಾಲೇಜಿನಲ್ಲಿ ಓಡಿದವರು, ಬ್ಯಾಂಕಿನ ಕ್ರೀಡಾಕೂಟದಲ್ಲಿ ಒಂದು ಕಾಲಕ್ಕೆ ಬಹುಮಾನ ಹೊಡೆದವರು ಇಪ್ಪತ್ತು ವರ್ಷ ಬಿಟ್ಟು ನಲವತ್ತೆಂಟಕ್ಕೋ ಐವತ್ತೈದಕ್ಕೋ ಮತ್ತೆ ಶೂ ಕಟ್ಟಲು ಹೊರಟರೆ ಮೊಬೈಲ್ ಮೊದಲು ತೋರಿಸುವುದು ‘ಕೌಚ್ ಟು ಫೈವ್ ಕೆ’ ಯೋಜನೆಯನ್ನು. ಸೋಫಾದಿಂದ ಎದ್ದು ಐದು ಕಿಲೋಮೀಟರ್ ಓಡುವವರೆಗೆ ಅಂತ ಅರ್ಥ. ಒಂಬತ್ತು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ ಸುಮಾರು ಅರ್ಧ ಗಂಟೆ; ಯೋಜನೆಗೆ ಪೈಸೆ ಖರ್ಚಿಲ್ಲ. ಮಂಗಳೂರು, ಉಡುಪಿಯ ಸೆಕೆಯಲ್ಲಿ, ಏರು ತಗ್ಗಿನಲ್ಲಿ, ಇಂಟರ್‌ಲಾಕ್ ಫುಟ್‌ಪಾತಿನ ಮೇಲೆ, ನಡುವಯಸ್ಸಿನ ಕಾಲುಗಳಿಗೆ ಇದು ಎಷ್ಟು ಹೊಂದುತ್ತದೆ ಎನ್ನುವುದಷ್ಟೇ ಇಲ್ಲಿನ ವಿಚಾರ. ನಮ್ಮ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಅಂಕ. ಮೂವತ್ತರ ಒಳಗಿನವರಿಗಾದರೆ ನಾಲ್ಕೂವರೆ ಕೊಡಬಹುದಿತ್ತು. ಕಡಿಮೆಯಾದ ಒಂದು ಅಂಕ ಮೂರನೆಯ ವಾರಕ್ಕೂ ನಾಲ್ಕನೆಯ ವಾರಕ್ಕೂ ನಡುವೆ ಬಾಯಿ ತೆರೆದುಕೊಂಡಿರುವ ಹೊಂಡಕ್ಕೆ.

ಇದನ್ನು 1996ರಲ್ಲಿ ಮಾಡಿದ್ದು ಅಮೆರಿಕದ ಜಾಷ್ ಕ್ಲಾರ್ಕ್, ಐವತ್ತು ದಾಟಿದ ತನ್ನ ಅಮ್ಮನನ್ನು ಓಟಕ್ಕೆ ಹಚ್ಚಲು. ಮುಂದೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಇದನ್ನು ಎತ್ತಿಕೊಂಡು ಧ್ವನಿ ಪಾಠಗಳನ್ನೂ ಆಪನ್ನೂ ಮಾಡಿತು. ಹಾಗಾದರೆ ಐವತ್ತರವರಿಗೇ ಮಾಡಿದ್ದಲ್ಲವೇ, ಇನ್ನೇನು ತಕರಾರು ಎಂದು ಕೇಳಬಹುದು. ಮಾಡಿದ್ದು ಎಂದೂ ಓಡದವರಿಗಾಗಿ. ಎಂದೂ ಓಡದವರು ಹೆದರಿ ಹೆದರಿ, ನಡಿಗೆಗಿಂತ ಒಂದು ಕೂದಲು ಜಾಸ್ತಿ ವೇಗದಲ್ಲಿ ಓಡುತ್ತಾರೆ. ಅದೇ ಅವರನ್ನು ಕಾಪಾಡುತ್ತದೆ. ಮರಳಿ ಬಂದವರಿಗೆ ಹಳೆಯ ವೇಗ ನೆನಪಿರುತ್ತದೆ. ‘60 ಸೆಕೆಂಡ್ ಓಡಿ’ ಎಂದು ಆಪ್ ಹೇಳಿದ ಕೂಡಲೇ ಅವರು ಓಡುವುದು 1995ರ ಅರವತ್ತು ಸೆಕೆಂಡನ್ನು.

ಮೊದಲು ಮೂಲ ಯೋಜನೆಯ ಲೆಕ್ಕ ಬಿಡಿಸೋಣ. ಎಲ್ಲ ದಿನವೂ ಆರಂಭದಲ್ಲಿ 5 ನಿಮಿಷ ಬಿರುಸು ನಡಿಗೆ ಇದೆ. ಅದನ್ನು ಬಿಟ್ಟು ಬರೀ ಓಟದ ನಿಮಿಷಗಳನ್ನು ಕೂಡಿಸಿ ನೋಡಿ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಎಂಟು ಸಲ: ದಿನಕ್ಕೆ 8 ನಿಮಿಷ ಓಟ. ಎರಡನೆಯ ವಾರ 90 ಸೆಕೆಂಡ್ ಓಟ, 2 ನಿಮಿಷ ನಡಿಗೆ, ಆರು ಸಲ: 9 ನಿಮಿಷ. ಮೂರನೆಯ ವಾರ ಒಂದೂವರೆ ನಿಮಿಷ ಓಟ, ಅಷ್ಟೇ ನಡಿಗೆ, ಆಮೇಲೆ 3 ನಿಮಿಷ ಓಟ, 3 ನಿಮಿಷ ನಡಿಗೆ, ಇಡೀ ಜೋಡಿ ಎರಡು ಸಲ: ಮತ್ತೆ 9 ನಿಮಿಷವೇ. ಇಲ್ಲಿಯವರೆಗೆ ಸಜ್ಜನ ಯೋಜನೆ. ನಾಲ್ಕನೆಯ ವಾರ 3, 5, 3, 5 ನಿಮಿಷದ ಓಟಗಳು, ನಡುವೆ ಒಂದೂವರೆ, ಎರಡೂವರೆ ನಿಮಿಷದ ನಡಿಗೆ: ಕೂಡಿದರೆ 16 ನಿಮಿಷ. ದಿನಕ್ಕೆ 9 ಇದ್ದದ್ದು 16 ಆಯಿತು. ವಾರಕ್ಕೆ 27 ಇದ್ದದ್ದು 48. ಮುಕ್ಕಾಲು ಪಾಲಿಗಿಂತ ಹೆಚ್ಚಿನ ಏರಿಕೆ, ಒಂದೇ ವಾರದಲ್ಲಿ.

ಎಲ್ಲರೂ ಬೈಯುವುದು ಐದನೆಯ ವಾರವನ್ನು. ಅದರ ಮೂರನೆಯ ದಿನ ನಡಿಗೆಯೇ ಇಲ್ಲದೆ 20 ನಿಮಿಷ ಒಂದೇ ಸಮ ಓಡಬೇಕು. ಹಿಂದಿನ ಪಾಠದಲ್ಲಿ ಒಂದು ಸಲಕ್ಕೆ ಓಡಿದ್ದು 8 ನಿಮಿಷ ಮಾತ್ರ. ನೋಡಲು ಅದು ದೊಡ್ಡ ಗುಡ್ಡ. ಒಟ್ಟು ಲೆಕ್ಕ ತೆಗೆದರೆ ಆ ವಾರದ ಓಟ 51 ನಿಮಿಷ, ನಾಲ್ಕನೆಯ ವಾರಕ್ಕಿಂತ ಮೂರೇ ನಿಮಿಷ ಜಾಸ್ತಿ. ಐದನೆಯ ವಾರ ಮುರಿಯುವುದು ಧೈರ್ಯವನ್ನು. ಕಾಲನ್ನು ಮುರಿಯುವ ಕೆಲಸ ಅದಕ್ಕೂ ಮೊದಲೇ, ಯಾರ ಗಮನಕ್ಕೂ ಬಾರದ ನಾಲ್ಕನೆಯ ವಾರದಲ್ಲಿ ಶುರುವಾಗಿರುತ್ತದೆ; ನೋವು ತಲೆ ಎತ್ತುವುದು ಐದರಲ್ಲೋ ಆರರಲ್ಲೋ ಆದ್ದರಿಂದ ಬೈಗುಳ ಅದರ ಪಾಲಿಗೆ. ಆಮೇಲಿನ ವಾರಗಳು 63, 75, 84, 90 ನಿಮಿಷ. ಅಲ್ಲಿ ಏರಿಕೆ ತಕ್ಕಮಟ್ಟಿಗೆ ಸಮಾಧಾನದ್ದು.

ವಯಸ್ಸಿಗೂ ಈ ಹೊಂಡಕ್ಕೂ ಏನು ಸಂಬಂಧ? ಓಟ ಶುರು ಮಾಡಿದ ಮೂರು ನಾಲ್ಕು ವಾರದಲ್ಲೇ ಉಸಿರಾಟ ಸುಧಾರಿಸುತ್ತದೆ, ಏದುಸಿರು ಕಡಿಮೆಯಾಗುತ್ತದೆ. ಸ್ನಾಯುಗಳೂ ಬೇಗ ಒಗ್ಗುತ್ತವೆ. ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಕಟ್ಟುವ ಅಕಿಲಿಸ್ ಎಂಬ ಹುರಿ, ಅಂಗಾಲಿನ ಪಟ್ಟಿ, ಎಲುಬು ಇವು ಹೊರೆಗೆ ತಕ್ಕಂತೆ ತಮ್ಮನ್ನು ಕಟ್ಟಿಕೊಳ್ಳಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ, ವಯಸ್ಸಾದಂತೆ ಇನ್ನೂ ನಿಧಾನ. ಹಾಗಾಗಿ ನಾಲ್ಕನೆಯ ವಾರದಲ್ಲಿ ಶ್ವಾಸಕೋಶ ‘ಇನ್ನೂ ಆಗ್ತದೆ’ ಅನ್ನುತ್ತದೆ, ಹಿಮ್ಮಡಿಗೆ ಆಗುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಓಡುವವರ ದೂರು ಹೆಚ್ಚಾಗಿ ಮಂಡಿಯದ್ದು. ನಲವತ್ತೈದು ದಾಟಿದವರಲ್ಲಿ ಮೀನಖಂಡ ಮತ್ತು ಅಕಿಲಿಸ್‌ನ ಪಾಲು ದೊಡ್ಡದಾಗುತ್ತದೆ. ಚೆನ್ನಾಗಿ ಓಡುತ್ತಿದ್ದಾಗಲೇ ಹಿಂದಿನಿಂದ ಯಾರೋ ಕಲ್ಲು ಹೊಡೆದ ಹಾಗೆ ಮೀನಖಂಡದಲ್ಲಿ ಫಟ್ಟೆಂದು ಆಗುವುದು ಈ ವಯಸ್ಸಿನ ಗಂಡಸರ ಖಾಸಾ ಗಾಯ. ಸ್ನಾಯುವಿನ ಒಳಬದಿಯ ಎಳೆ ಹರಿದಿರುತ್ತದೆ. ತಿರುಗಿ ನೋಡಿದರೆ ಹಿಂದೆ ಯಾರೂ ಇರುವುದಿಲ್ಲ.

ಮಂಡಿಯ ಹೆದರಿಕೆಗೆ ಒಂದು ಮಾತು. ‘ಈ ವಯಸ್ಸಿನಲ್ಲಿ ಓಡಿದರೆ ಗಂಟು ಸವೆಯುತ್ತದೆ ಮಾರಾಯ್ರೆ’ ಎಂದು ಹೇಳದ ಭಾವ, ಮಾವ ನಮ್ಮ ಕಡೆ ಇಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಂಡಿ ಅಥವಾ ಸೊಂಟದ ಕೀಲು ಸವೆತ ಹವ್ಯಾಸಕ್ಕೆ ಓಡುವವರಲ್ಲಿ 3.5%, ಓಡದೆ ಕೂತವರಲ್ಲಿ 10.2%, ಸ್ಪರ್ಧೆಗಾಗಿ ವಿಪರೀತ ಓಡುವವರಲ್ಲಿ 13.3% ಕಂಡಿತ್ತು. ಓಟವೇ ಕೀಲನ್ನು ಉಳಿಸಿತು ಎಂದು ಇದರಿಂದ ಹೇಳಲಾಗುವುದಿಲ್ಲ, ಕೀಲು ಚೆನ್ನಾಗಿರುವವರೇ ಓಟ ಮುಂದುವರಿಸಿರಬಹುದು. ಆದರೆ ವಾರಕ್ಕೆ ಮೂರು ದಿನ ಅರ್ಧ ಗಂಟೆ ಓಡುವವರು ಭಾವನ ಮಾತಿಗೆ ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಈಗಾಗಲೇ ಮಂಡಿ ಊದಿಕೊಂಡಿದ್ದರೆ, ಮೆಟ್ಟಿಲು ಇಳಿಯುವಾಗ ಸಿಕ್ಕಿಕೊಂಡಂತೆ ಆದರೆ ಅದು ಬೇರೆ ವಿಷಯ, ಮೊದಲು ತೋರಿಸಿ.

ಹದಿನೆಂಟು ವಾರಕ್ಕೆ ಹಿಗ್ಗಿಸುವುದು ಹೀಗೆ. ಒಂದು, ಎರಡು, ಮೂರನೆಯ ವಾರದ ಪಾಠಗಳನ್ನು ತಲಾ ಎರಡು ವಾರ ಮಾಡಿ, ಆರು ವಾರವಾಯಿತು. ಏಳನೆಯ ಮತ್ತು ಎಂಟನೆಯ ವಾರಕ್ಕೆ ಮೂಲದಲ್ಲಿ ಇಲ್ಲದ ಒಂದು ಸೇತುವೆ ಹಾಕಬೇಕು: ಏಳರಲ್ಲಿ 2 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ, ಅಂದರೆ 12 ನಿಮಿಷ. ಎಂಟರಲ್ಲಿ 3, 4, 3, 4 ನಿಮಿಷದ ಓಟ, ನಡುವೆ ಎರಡೆರಡು ನಿಮಿಷ ನಡಿಗೆ, 14 ನಿಮಿಷ. ಒಂಬತ್ತು, ಹತ್ತನೆಯ ವಾರ ಮೂಲದ ನಾಲ್ಕನೆಯ ಪಾಠ. ಹನ್ನೊಂದನೆಯ ವಾರ ಮೂರೂ ದಿನ 5-3-5-3-5, ಅಂದರೆ 5 ನಿಮಿಷ ಓಟ, 3 ನಿಮಿಷ ನಡಿಗೆ, ಹೀಗೆ ಒಂದಾದ ಮೇಲೊಂದು. ಹನ್ನೆರಡರಲ್ಲಿ ಮೊದಲ ದಿನ 8-5-8, ಎರಡನೆಯ ದಿನ 8-4-8, ಮೂರನೆಯ ದಿನ 10-3-8. ಹದಿಮೂರರಲ್ಲಿ 12-2-8, ಆಮೇಲೆ 15-2-5, ಕೊನೆಗೆ ಆ 20 ನಿಮಿಷ. ಇಷ್ಟು ಹೊತ್ತಿಗೆ ಅದು ಗುಡ್ಡವಾಗಿ ಉಳಿದಿರುವುದಿಲ್ಲ. ಹದಿನಾಲ್ಕು, ಹದಿನೈದರಲ್ಲಿ ಮೂಲದ ಆರನೆಯ ವಾರ ಎರಡು ಸಲ. ಹದಿನಾರು 25 ನಿಮಿಷ, ಹದಿನೇಳು 28, ಹದಿನೆಂಟು 30. ಸಿದ್ಧ ಆಪ್‌ಗಳಲ್ಲಿ ಈ ಸೇತುವೆಯ ವಾರಗಳು ಇರುವುದಿಲ್ಲ. ಓಟ, ನಡಿಗೆಯ ಸಮಯವನ್ನು ನಾವೇ ಹಾಕಿಕೊಳ್ಳುವ ಸಾದಾ ಇಂಟರ್ವಲ್ ಟೈಮರ್ ಸಾಕು. ಅದನ್ನು ವೈಬ್ರೇಷನ್‌ನಲ್ಲಿಟ್ಟು ಕಿವಿ ಖಾಲಿ ಬಿಡಿ. ನಮ್ಮ ಸಿಟಿ ಬಸ್ಸುಗಳು ಹಿಂದಿನಿಂದ ಬರುವುದು ಕೇಳಿಸುವುದು ಒಳ್ಳೆಯದು.

ಎರಡು ಓಟದ ನಡುವೆ ಒಂದು ದಿನ ಬಿಡಬೇಕೆಂದು ಮೂಲದಲ್ಲೇ ಇದೆ. ಇದನ್ನು ಮುರಿಯುವವರೇ ಹೆಚ್ಚು. ಶುಕ್ರವಾರ ತಪ್ಪಿತೆಂದು ಶನಿವಾರ, ಭಾನುವಾರ ಎರಡೂ ದಿನ ಓಡಿ ಲೆಕ್ಕ ಸರಿಮಾಡುವುದು ಬ್ಯಾಂಕಿಗೆ ಸರಿ, ಕಾಲಿಗಲ್ಲ. ಒಂದು ವಾರ ತಪ್ಪಿದರೆ ಹಿಂದಿನ ವಾರದಿಂದ ಶುರು ಮಾಡಿ, ಎರಡು ವಾರ ತಪ್ಪಿದರೆ ಎರಡು ವಾರ ಹಿಂದಕ್ಕೆ. ಜ್ವರ ಬಂದು ಹೋದ ಮೇಲೆ ಪೂರ್ತಿ ಸುಧಾರಿಸುವವರೆಗೆ ಓಟದ ಮಾತೇ ಬೇಡ. ಇಡೀ ರಾತ್ರಿ ಯಕ್ಷಗಾನದ ಆಟ ನೋಡಿ ಬೆಳಿಗ್ಗೆ ಹಾಗೇ ಮೈದಾನಕ್ಕೆ ಹೋಗುವ ಹುರುಪಿನವರೂ ಇದ್ದಾರೆ. ನಿದ್ದೆಯಿಲ್ಲದ ದಿನ ನಡಿಗೆ ಸಾಕು.

ಇನ್ನು ವೇಗ. ಯೋಜನೆಯ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ಕೊನೆಯ ವಾರದ 30 ನಿಮಿಷದಲ್ಲಿ 5 ಕಿಲೋಮೀಟರ್ ಮುಗಿಯಬೇಕಾದರೆ ಕಿಲೋಮೀಟರಿಗೆ 6 ನಿಮಿಷ, ಅಂದರೆ ಗಂಟೆಗೆ 10 ಕಿಲೋಮೀಟರ್ ಓಡಬೇಕು. ಐವತ್ತು ದಾಟಿ ಮರಳಿದವರಲ್ಲಿ ಅನೇಕರಿಗೆ ಕಿಲೋಮೀಟರಿಗೆ 8 ನಿಮಿಷ ಹಿತವಾದ ವೇಗ. ಆ ಲೆಕ್ಕದಲ್ಲಿ ಅರ್ಧ ಗಂಟೆಗೆ ಕಾಲು ಕಡಿಮೆ ನಾಲ್ಕು, ಅಂದರೆ 3.75 ಕಿಲೋಮೀಟರ್. ಅಷ್ಟೇ. ದೂರ ಕೂಡಿಸಲು ಹೋಗಿ ವೇಗ ಏರಿಸುವವರು ಹದಿನೈದನೆಯ ವಾರದಲ್ಲಿ ಮತ್ತೆ ಸೋಫಾದಲ್ಲಿರುತ್ತಾರೆ. ವೇಗ ಸರಿಯಿದೆಯೇ ಎಂದು ನೋಡಲು ಗಡಿಯಾರಕ್ಕಿಂತ ಬಾಯಿ ಒಳ್ಳೆಯದು: ಓಡುತ್ತಲೇ ಒಂದು ಇಡೀ ವಾಕ್ಯ ಹೇಳಲು ಬರಬೇಕು, ಹಾಡಲು ಬರಬಾರದು. 220ರಿಂದ ವಯಸ್ಸು ಕಳೆದು ಗರಿಷ್ಠ ಎದೆಬಡಿತ ಹೇಳುವ ಸೂತ್ರ ವಯಸ್ಸಾದವರಿಗೆ ಕಡಿಮೆ ತೋರಿಸುತ್ತದೆ. 208ರಿಂದ ವಯಸ್ಸಿನ 0.7 ಪಾಲು ಕಳೆಯುವುದು ವಾಸಿ. ಅರವತ್ತರವರಿಗೆ ಮೊದಲನೆಯದು 160, ಎರಡನೆಯದು 166 ಕೊಡುತ್ತದೆ. ಎರಡೂ ಸರಾಸರಿಗಳೇ, ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಇರುವುದು ಸಾಮಾನ್ಯ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತಿನ್ನುವವರಿಗೆ ಈ ಯಾವ ಸೂತ್ರವೂ ಕೆಲಸಕ್ಕೆ ಬಾರದು, ಮಾತ್ರೆಯೇ ಬಡಿತವನ್ನು ಹಿಡಿದಿಟ್ಟಿರುತ್ತದೆ. ಅವರಿಗೆ ಮಾತಿನ ಪರೀಕ್ಷೆಯೇ ಗತಿ.

ಯೋಜನೆಯ ಇನ್ನೊಂದು ಕೊರತೆ, ಅದರಲ್ಲಿ ಕಾಲಿಗೆ ಬಲ ತುಂಬುವ ಒಂದು ಸಾಲೂ ಇಲ್ಲ. ನಮ್ಮ ಪ್ರಕಾರ ಮೊದಲ ದಿನದ ಓಟಕ್ಕೆ ಮುಂಚೆ ಒಂದು ಸಣ್ಣ ಪರೀಕ್ಷೆ ಬೇಕು. ಜಗಲಿಯ ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ, ಹಿಮ್ಮಡಿಯನ್ನು ಗಾಳಿಯಲ್ಲಿ ಬಿಟ್ಟು, ಗೋಡೆಗೆ ಬೆರಳು ತಾಗಿಸಿ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸಿ. ಹದಿನೈದು ಸಲ ಮಂಡಿ ಬಗ್ಗದೆ, ಪೂರ್ತಿ ಎತ್ತರಕ್ಕೆ ಬಂದರೆ ಓಟಕ್ಕೆ ಹೊರಡಬಹುದು. ಎಂಟಕ್ಕೇ ಕಾಲು ನಡುಗಿದರೆ ನಾಲ್ಕು ವಾರ ನಡಿಗೆ ಮತ್ತು ಇದೇ ವ್ಯಾಯಾಮ: ಎರಡೂ ಕಾಲಲ್ಲಿ ಎತ್ತಿ, ಒಂದು ಕಾಲಲ್ಲಿ ಮೂರು ಎಣಿಸುತ್ತಾ ಇಳಿಸುವುದು, ಹದಿನೈದರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಅರ್ಧದಷ್ಟನ್ನು ಮಂಡಿ ತುಸು ಬಗ್ಗಿಸಿಕೊಂಡು ಮಾಡಿ. ಮೀನಖಂಡದ ಒಳಗಿನ ಸ್ನಾಯುವಿಗೆ ಹೊರೆ ಹೋಗುವುದು ಆಗ. ಹಿಮ್ಮಡಿ ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗಿಳಿದಾಗ ಹಿಂದೆ ಎಳೆದಂತೆ ಆಗುವುದು ಸಹಜ. ಚುಚ್ಚಿದಂತೆ ಆಗುವುದು, ಅದೂ ಹಿಮ್ಮಡಿಯ ಎಲುಬಿಗೆ ಅಕಿಲಿಸ್ ಅಂಟಿಕೊಳ್ಳುವ ಜಾಗದಲ್ಲಿ, ಸಹಜವಲ್ಲ. ಅಂಥವರು ಮೆಟ್ಟಿಲು ಬಿಟ್ಟು ಸಮತಟ್ಟು ನೆಲದಲ್ಲೇ ಮಾಡಬೇಕು. ಅಕಿಲಿಸ್ ಆಗಲೇ ಕೆಟ್ಟವರಿಗೆ 1998ರಿಂದ ಚಾಲ್ತಿಯಲ್ಲಿರುವ ಆಲ್‌ಫ್ರೆಡ್‌ಸನ್ ಕ್ರಮದಲ್ಲಿ ಇದೇ ಇಳಿಸುವ ಕೆಲಸ ದಿನಕ್ಕೆ 180 ಸಲ, ಹನ್ನೆರಡು ವಾರ. ಮೊದಲೇ ಸ್ವಲ್ಪ ಮಾಡಿಕೊಂಡರೆ ಅಗ್ಗ.

ನೋವಿನ ವಿಷಯದಲ್ಲಿ ಆಪ್‌ಗಳು ‘ನೋವಾದರೆ ನಿಲ್ಲಿಸಿ’ ಎಂದು ಕೈತೊಳೆದುಕೊಳ್ಳುತ್ತವೆ. ಹಾಗೆ ನೋಡಿದರೆ ಐವತ್ತರಲ್ಲಿ ದಿನಾ ನಿಲ್ಲಿಸಬೇಕು. ನೋವಿಗೆ ಹತ್ತಕ್ಕೆ ಅಂಕ ಕೊಟ್ಟರೆ ಮೂರರೊಳಗಿನ, ಓಡುತ್ತಾ ಹೆಚ್ಚದ, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ಹಿಂದಿನ ದಿನಕ್ಕಿಂತ ಜಾಸ್ತಿಯಿಲ್ಲದ ನೋವನ್ನು ಸಹಿಸಬಹುದು. ಬೆಳಗಿನ ಮೊದಲ ಹೆಜ್ಜೆಗಳೇ ಇಲ್ಲಿ ಪಂಚಾಂಗ: ಹಿಮ್ಮಡಿಯ ಅಡಿಯಲ್ಲಿ ಮೊಳೆ ಚುಚ್ಚಿದಂತಾಗಿ ಹತ್ತು ಹೆಜ್ಜೆಗೆ ಸಡಿಲವಾದರೆ ಅಂಗಾಲಿನ ಪಟ್ಟಿ, ಹಿಮ್ಮಡಿಯ ಹಿಂದೆ ಬಿಗಿತವಿದ್ದರೆ ಅಕಿಲಿಸ್. ಮಂಡಿಯ ಕೆಳಗೆ ಕೈಗೆ ಸಿಗುವ ಎಲುಬಿನ ಒಳಬದಿಯಲ್ಲಿ ನೋವು ಗೇಣುದ್ದಕ್ಕೆ ಹರಡಿದ್ದರೆ ಒಂದು ವಾರ ಹಿಂದೆ ಹೋಗಿ. ಅದೇ ಜಾಗದಲ್ಲಿ ಒಂದು ಬೆರಳ ತುದಿ ಇಡುವಷ್ಟೇ ಚುಕ್ಕೆಯಲ್ಲಿ ಒತ್ತಿದರೆ ಜೀವ ಹೋಗುವಂತಿದ್ದರೆ, ರಾತ್ರಿಯೂ ನೋಯುತ್ತಿದ್ದರೆ, ಎಲುಬಿನಲ್ಲಿ ಸೀಳು ಬಿದ್ದಿರಬಹುದು. ಆರಂಭದಲ್ಲಿ ಎಕ್ಸ್‌ರೇ ಅದನ್ನು ತೋರಿಸದೇ ಇರಬಹುದು; ಎಕ್ಸ್‌ರೇ ಸರಿಯಿದೆ ಎಂದು ಓಡಲು ಹೋಗಬೇಡಿ. ಮುಟ್ಟು ನಿಂತ ಹೆಂಗಸರು ಇದನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು.

ಎದೆಯ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಹೃದಯ, ಸಕ್ಕರೆ, ಮೂತ್ರಪಿಂಡದ ಕಾಯಿಲೆ ಇರುವವರು, ಏರು ಹತ್ತುವಾಗ ಎದೆ ಬಿಗಿಯುವವರು, ತಲೆ ತಿರುಗಿ ಬಿದ್ದವರು ವೈದ್ಯರನ್ನು ಕಾಣದೆ ಮೊದಲ 60 ಸೆಕೆಂಡೂ ಓಡಬಾರದು. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿದ್ದರೆ, ಬೀಡಿ ಸಿಗರೇಟು ಇದ್ದರೆ ಅದನ್ನೂ ಹೇಳಿ. ಓಡುವಾಗ ಬಂದು ನಿಂತಾಗ ಹೋಗುವ ಎದೆಯ ಬಿಗಿತವನ್ನು ‘ಗ್ಯಾಸ್ಟ್ರಿಕ್’ ಎಂದು ಓಮದ ನೀರು ಕುಡಿದು ಮುಂದುವರಿಸುವುದು ನಮ್ಮೂರಿನ ದೊಡ್ಡ ರೋಗ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಓಟಕ್ಕೆ ಮುಂಚೆ ಸಕ್ಕರೆ ನೋಡಿ, 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು, ಕಿಸೆಯಲ್ಲಿ ಗ್ಲೂಕೋಸ್ ಇಟ್ಟುಕೊಂಡು ಹೊರಡಬೇಕು.

ಈ ಯೋಜನೆ ಹುಟ್ಟಿದ್ದು ಚಳಿಯ ನಾಡಿನಲ್ಲಿ. ಅದಕ್ಕೆ ಸೆಕೆ ಗೊತ್ತಿಲ್ಲ. ಕರಾವಳಿಯಲ್ಲಿ ಥರ್ಮಾಮೀಟರ್ 26 ತೋರಿಸಿದರೂ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಬೆವರು ಆರಿದರೆ ತಾನೇ ಮೈ ತಣಿಯುವುದು. ಇಲ್ಲಿ ಅದು ಮೊಣಕೈಯಿಂದ ತೊಟ್ಟಿಕ್ಕಿ ವ್ಯರ್ಥವಾಗಿ ನೆಲ ಸೇರುತ್ತದೆ. ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಓಡಬೇಕು, ಹಾಗಾಗಿ ಅದೇ ವೇಗಕ್ಕೆ ಎದೆಬಡಿತ ಏರುತ್ತದೆ. ಏಪ್ರಿಲ್‌ನಲ್ಲಿ ಶುರು ಮಾಡಿದವರು ‘ನನ್ನಿಂದಾಗದು’ ಎಂದು ಎರಡನೆಯ ವಾರಕ್ಕೇ ಬಿಡುವುದು ಇದರಿಂದ. ತಪ್ಪು ಅವರದ್ದಲ್ಲ, ತಿಂಗಳಿನದ್ದು. ಸರಿಯಾದ ಹೊತ್ತು ದೀಪಾವಳಿ ಕಳೆದ ಮೇಲೆ. ನವೆಂಬರ್ ಮೊದಲ ವಾರ ಶುರುವಾದರೆ ಹದಿನೆಂಟು ವಾರ ಮಾರ್ಚ್ ಮೊದಲ ವಾರಕ್ಕೆ ಮುಗಿಯುತ್ತದೆ. ದೈವದ ನೇಮ, ಮದುವೆಗಳಿಗೆ ಒಂದೆರಡು ವಾರ ಕೊಟ್ಟರೂ ಜೋರು ಸೆಕೆಗೆ ಮುಂಚೆ ದಡ ಸೇರಬಹುದು. ಜನವರಿಯಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆಗೆ ಹತ್ತಿರ. ಐದೂವರೆಗೆ ಹೊರಡುವವರು ಕತ್ತಲಲ್ಲಿ ಓಡುತ್ತಾರೆ ಎಂದೇ ಅರ್ಥ. ಬಿಳಿ ಅಂಗಿ, ಬೆಳಕು ಹೊಡೆದರೆ ಮಿನುಗುವ ಪಟ್ಟಿ, ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿ. ನಾಯಿಗಳು ಎದ್ದು ನಿಂತರೆ ಓಟ ಬಿಟ್ಟು ನಡೆಯಿರಿ, ಅವು ಅಟ್ಟುವುದು ಓಡುವುದನ್ನು.

ಅರ್ಧ ಗಂಟೆಯ ಓಟಕ್ಕೆ ದುಬಾರಿ ಪಾನೀಯ ಬೇಕಿಲ್ಲ. ಹೋಗುವ ಮುಂಚೆ, ಬಂದ ಮೇಲೆ ತೂಕ ನೋಡಿದರೆ ಎಷ್ಟು ನೀರು ಹೋಯಿತೆಂದು ತಿಳಿಯುತ್ತದೆ: ಅರ್ಧ ಕಿಲೋ ಇಳಿದಿದ್ದರೆ ಅರ್ಧ ಲೀಟರ್. ಬೊಂಡದಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಅದಕ್ಕಿಂತ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಜೊತೆಗೆ ಒಂದು ಚೂರು ಉಪ್ಪಿನಕಾಯಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ನೀರೂ ಸೇರಿ. ಓಡಿ ಬಂದ ಖುಷಿಗೆ ಎರಡು ಬನ್ಸ್ ತಿಂದರೆ ಓಡಿದ ಲೆಕ್ಕ ಅಲ್ಲಿಗೆ ಚುಕ್ತಾ. ತಿನ್ನಬೇಡಿ ಎಂದು ಹೇಳುವ ಧೈರ್ಯ ನಮಗಿಲ್ಲ. ಈ ವಯಸ್ಸಿನಲ್ಲಿ ಸ್ನಾಯು ಉಳಿಸಿಕೊಳ್ಳಲು ಮೈತೂಕದ ಕಿಲೋವೊಂದಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಬಂಗುಡೆ, ಬೂತಾಯಿ ಮೀನು ತಿನ್ನುವವರಿಗೆ ಸುಲಭ, ಉಳಿದವರು ಹುರುಳಿ, ಹೆಸರು, ಮೊಸರಿನಲ್ಲಿ ಲೆಕ್ಕ ಹಾಕಬೇಕು.

ಎಲ್ಲಿ ಓಡುವುದು? ಮೊದಲ ಹತ್ತು ವಾರ ಸಮತಟ್ಟು ನೆಲ ಹುಡುಕಿ, ಮಂಗಳೂರಿನಲ್ಲಿ ಅದೇ ಕಷ್ಟ. ಕದ್ರಿ, ಬಾವುಟಗುಡ್ಡೆ, ಬೆಂದೂರ್‌ವೆಲ್ ಎಲ್ಲ ಏರುತಗ್ಗು. ಏರುವುದಕ್ಕಿಂತ ಇಳಿಯುವುದು ಅಪಾಯ: ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಾಕಬೇಕು, ಮರುದಿನ ಮೆಟ್ಟಿಲು ಇಳಿಯಲಾಗದಂತೆ ಹಿಡಿದುಕೊಳ್ಳುವುದು ಅದಕ್ಕೇ. ಇಳಿಜಾರನ್ನು ನಡೆದೇ ಇಳಿಯಿರಿ. ನೆಹರೂ ಮೈದಾನ, ಮಂಗಳಾ ಕ್ರೀಡಾಂಗಣ, ಪಣಂಬೂರು, ತಣ್ಣೀರುಬಾವಿ ಕಡೆಯ ಸಮ ರಸ್ತೆ ಆರಂಭಕ್ಕೆ ಒಳ್ಳೆಯವು. ಉಡುಪಿಯವರಿಗೆ ಅಜ್ಜರಕಾಡು ಮೈದಾನವಿದೆ, ಮಣಿಪಾಲದವರಿಗೆ ಮಣ್ಣಪಳ್ಳ ಕೆರೆಯ ಸುತ್ತು. 400 ಮೀಟರ್ ಟ್ರ್ಯಾಕಿನಲ್ಲಿ ಯಾವಾಗಲೂ ಎಡಕ್ಕೇ ತಿರುಗುತ್ತಿರುತ್ತೇವೆ. ನಿಧಾನ ಓಡುವವರು ಹೊರಗಿನ ಲೇನ್ ಹಿಡಿದರೆ ತಿರುವು ಸಡಿಲವಾಗುತ್ತದೆ, ಒಳಗೆ ಓಡುವ ಮಕ್ಕಳಿಗೂ ಅಡ್ಡಿಯಾಗದು. ಕಾಂಕ್ರೀಟ್ ರಸ್ತೆಗೆ ಅಷ್ಟೊಂದು ಹೆದರಬೇಕಿಲ್ಲ, ಹೆದರಬೇಕಾದ್ದು ರಸ್ತೆಯ ಅಂಚಿನ ವಾಟಕ್ಕೆ. ದಿನಾ ಒಂದೇ ಅಂಚಿನಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ, ಒಂದೇ ಬದಿಯ ಸೊಂಟವೋ ಮಂಡಿಯ ಹೊರಬದಿಯೋ ನೋಯಲು ಶುರುವಾದರೆ ಮೊದಲು ಅದನ್ನು ಅನುಮಾನಿಸಿ.

ಮರಳು ಮೆತ್ತಗಿದೆ, ಮಂಡಿಗೆ ಒಳ್ಳೆಯದು ಎಂದು ಬರಿಗಾಲಲ್ಲಿ ಮಲ್ಪೆಯಲ್ಲೋ ಸುರತ್ಕಲ್‌ನಲ್ಲೋ ಓಟ ಶುರು ಮಾಡುವುದು ಮರಳಿದವರು ಮಾಡುವ ಅತಿ ಮುದ್ದಾದ ತಪ್ಪು. ಮೆತ್ತನೆಯ ಮರಳಿನಲ್ಲಿ ಹಿಮ್ಮಡಿ ಹೂತು ಅಕಿಲಿಸ್ ಪ್ರತಿ ಹೆಜ್ಜೆಗೂ ಜಾಸ್ತಿ ಎಳೆಯಲ್ಪಡುತ್ತದೆ, ಮೀನಖಂಡಕ್ಕೆ ಹೆಚ್ಚಿನ ದುಡಿಮೆ. ಅಲೆ ಒದ್ದೆ ಮಾಡಿ ಗಟ್ಟಿಯಾದ ಪಟ್ಟಿಯಲ್ಲಿ, ನೀರು ಇಳಿದ ಹೊತ್ತಿನಲ್ಲಿ, ಶೂ ಹಾಕಿಕೊಂಡು ಓಡಬಹುದು. ಅಲ್ಲೂ ಸಮುದ್ರದ ಕಡೆಗೆ ವಾಟ ಇರುವುದರಿಂದ ಹೋದಷ್ಟೇ ದೂರ ಅದೇ ಪಟ್ಟಿಯಲ್ಲಿ ಹಿಂತಿರುಗಬೇಕು. ಹನ್ನೆರಡನೆಯ ವಾರಕ್ಕೆ ಮುಂಚೆ ಇದು ಬೇಡ.

ಖರ್ಚೆಂದರೆ ಶೂ. ಮೂರರಿಂದ ಆರು ಸಾವಿರದೊಳಗೆ ಸಾಕಾಗುವಂಥದ್ದು ಸಿಗುತ್ತದೆ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಓಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ವರ್ಷಗಟ್ಟಲೆ ಚಪ್ಪಲಿಯಲ್ಲೇ ಓಡಾಡಿದ ಕಾಲು ಮುಂದೆ ಅಗಲವಾಗಿರುತ್ತದೆ, ಬದಿಯಲ್ಲಿ ಹಿಡಿಯುವ ಶೂ ‘ಹಾಕ್ತಾ ಹಾಕ್ತಾ ಸಡಿಲ ಆಗ್ತದೆ’ ಎನ್ನುವ ಅಂಗಡಿಯವರ ಮಾತು ನಂಬಬೇಡಿ. ಹಿಮ್ಮಡಿ ಮುಂಗಾಲಿಗಿಂತ 8ರಿಂದ 10 ಮಿಲಿಮೀಟರ್ ಎತ್ತರವಿರುವ ಮಾದರಿ ಬಿಗಿದ ಅಕಿಲಿಸ್‌ಗೆ ಆರಾಮ. ತೀರ ಚಪ್ಪಟೆ ಶೂ ಈಗ ಬೇಡ.

ಅಟ್ಟದಿಂದ ಇಳಿಸಿದ ಹತ್ತು ವರ್ಷದ ಹಳೆಯ ಶೂವಿನ ಕತೆ ಬೇರೆ. ನೋಡಲು ಹೊಸದರಂತೆ ಇರುತ್ತದೆ. ನಮ್ಮ ಹವೆಯ ತೇವ ಪಾಲಿಯುರೆಥೇನ್ ಅಟ್ಟೆಯನ್ನು ಒಳಗಿಂದೊಳಗೆ ಒಡೆದು, ಹಾಕಿ ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಅಟ್ಟೆ ಒಣ ರೊಟ್ಟಿಯಂತೆ ಪುಡಿಯಾಗಿ ಉದುರುತ್ತದೆ. ಈಗಿನ ಹೆಚ್ಚಿನ ಓಟದ ಶೂಗಳ ಇವಿಎ ಫೋಮ್ ಹಾಗೆ ಪುಡಿಯಾಗದು. ಆದರೆ ಗಟ್ಟಿಯಾಗುತ್ತದೆ, ಅಂಟು ಬಿಡುತ್ತದೆ. ಹೆಬ್ಬೆರಳಿನಿಂದ ಅಟ್ಟೆಯ ಬದಿಯನ್ನು ಒತ್ತಿ ನೋಡಿ. ಮರದಂತೆ ಅನಿಸಿದರೆ ತೋಟಕ್ಕೆ ಇಟ್ಟುಕೊಳ್ಳಿ. ದಿನಾ ಓಡುವ ಶೂ 500ರಿಂದ 800 ಕಿಲೋಮೀಟರಿಗೆ ಮುಗಿಯಿತು. ಹದಿನೆಂಟು ವಾರದ ಈ ಇಡೀ ಯೋಜನೆ, ನಡಿಗೆ ಸೇರಿದರೂ, ಇನ್ನೂರು ಕಿಲೋಮೀಟರ್ ದಾಟುವುದಿಲ್ಲ. ಒಂದು ಜೊತೆ ಧಾರಾಳ.

ಜೂನ್ ಬಂದರೆ ಎರಡನೆಯ ಜೊತೆಯ ಮಾತು. ಮಳೆಯಲ್ಲಿ ನೆನೆದ ಶೂ ಇಲ್ಲಿ ಒಂದು ದಿನದಲ್ಲಿ ಒಣಗುವುದಿಲ್ಲ. ಒಳ ಅಟ್ಟೆ ಕಿತ್ತು ಬೇರೆ ಇಡಿ, ಹಳೆಯ ಪೇಪರ್ ಉಂಡೆ ಮಾಡಿ ಬೆರಳಿನ ತುದಿಯವರೆಗೆ ತುರುಕಿ, ಎರಡು ಗಂಟೆಗೊಮ್ಮೆ ಎರಡು ಸಲ ಬದಲಿಸಿ, ಆಮೇಲೆ ಫ್ಯಾನಿನ ಕೆಳಗೆ ಬಾಯಿ ಮೇಲಾಗಿ. ಬಚ್ಚಲ ಹಂಡೆಯ ಒಲೆಯ ಹತ್ತಿರ ಇಟ್ಟರೆ ಬೇಗ ಒಣಗುತ್ತದೆ ನಿಜ, ಶಾಖಕ್ಕೆ ಫೋಮ್ ಕುಗ್ಗಿ ಅಂಟೂ ಬಿಡುತ್ತದೆ. ಒದ್ದೆ ಸಾಕ್ಸ್‌ನಲ್ಲಿ ಬೆರಳ ಸಂದಿಗೆ ಶಿಲೀಂಧ್ರ ಬೇಗ ಹಿಡಿಯುತ್ತದೆ, ಸಕ್ಕರೆ ಕಾಯಿಲೆಯವರು ದಿನಾ ಅಂಗಾಲು ನೋಡಿಕೊಳ್ಳಬೇಕು. ಬೆವರು, ಮಳೆಗೆ ತೊಡೆಯ ಸಂದಿ ಉಜ್ಜಿ ಹೋಗುವುದಕ್ಕೆ ತೆಂಗಿನೆಣ್ಣೆ ಹತ್ತು ನಿಮಿಷದಲ್ಲಿ ತೊಳೆದು ಹೋಗುತ್ತದೆ, ವ್ಯಾಸಲೀನ್ ನಿಲ್ಲುತ್ತದೆ.

ಆಟಿ ತಿಂಗಳ ಜೋರು ಮಳೆಯಲ್ಲಿ ಪಾಚಿ ಹಿಡಿದ ಇಂಟರ್‌ಲಾಕ್ ಮತ್ತು ಚರಂಡಿ ಚಪ್ಪಡಿಗಳ ಮೇಲೆ ಓಡುವಂತಿಲ್ಲ. ಅರವತ್ತರಲ್ಲಿ ಒಂದು ಜಾರುವಿಕೆ ಇಡೀ ವರ್ಷದ ಓಟವನ್ನು ತಿನ್ನುತ್ತದೆ. ನೀರು ನಿಂತ ಜಾಗದಲ್ಲಿ ಚಪ್ಪಡಿ ಇದೆಯೋ ಇಲ್ಲವೋ ಕಾಣುವುದಿಲ್ಲ, ಕಾಲು ಹಾಕಲೇಬೇಡಿ. ಮಳೆ ಬಿಟ್ಟ ಹೊತ್ತು ನೋಡಿ ಡಾಂಬರು ರಸ್ತೆಯಲ್ಲಿ ವಾರಕ್ಕೆ ಎರಡು ದಿನ 20 ನಿಮಿಷ, ಉಳಿದ ದಿನ ಜಗಲಿಯ ಮೆಟ್ಟಿಲಲ್ಲಿ ಹಿಮ್ಮಡಿಯ ಕೆಲಸ. ಗಳಿಸಿದ್ದನ್ನು ಅಕ್ಟೋಬರ್‌ವರೆಗೆ ಹಿಡಿದಿಡಲು ಅಷ್ಟು ಸಾಕು. ಅಕ್ಟೋಬರ್ ಬಂದ ಮೇಲೆ ನೇರ 30ಕ್ಕೆ ಹೋಗದೆ ಹದಿಮೂರನೆಯ ವಾರದ 12-2-8ರಿಂದ ಹಿಡಿಯಿರಿ.